ಕೈತಪ್ಪಿ ಅಳಿಸಿಹೋದ ವಿಡಿಯೋ: ಎಲ್ಲಿ ಹುಡುಕಬೇಕು, ಎಲ್ಲಿ ಹಣ ಕಳೆಯಬಾರದು

ಹಿಂದೆ ತೋಟಕ್ಕೆ ಆನೆ ನುಗ್ಗಿದರೆ ನೆರೆಯವರನ್ನು ನಾಲ್ಕು ಜನ ಕರೆತಂದು ಮುರಿದ ಗಿಡ ತೋರಿಸಿ, ಅವರ ಹೇಳಿಕೆಯ ಬಲದ ಮೇಲೆ ಅರ್ಜಿ ಬರೆಯುತ್ತಿದ್ದೆವು. ಈಗ ಅರ್ಜಿಯ ಜೊತೆಗೆ ಫೋನಿನಲ್ಲಿ ತೆಗೆದ ವಿಡಿಯೋ ಇರುತ್ತದೆ. ಗುಡ್ಡ ಜರಿದದ್ದು, ಹೊಳೆ ತೋಟದೊಳಗೆ ಹರಿದದ್ದು, ಕಣದಲ್ಲಿ ಹರಡಿದ್ದ ಕಾಫಿ ಅಕಾಲದ ಮಳೆಗೆ ತೊಯ್ದದ್ದು, ಗಡಿಕಲ್ಲು ಎಲ್ಲಿತ್ತೆಂಬುದು, ಎಲ್ಲಕ್ಕೂ ಅದೇ ದಾಖಲೆ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಅಲ್ಲಿಯ ಬೆಳೆಗಾರರ ಕಷ್ಟವನ್ನು ನಮ್ಮಲ್ಲಿ ಅನೇಕರು ಮೊದಲು ಕಂಡದ್ದು ಇಂಥ ವಿಡಿಯೋಗಳಲ್ಲೇ. ಸರ್ಕಾರಿ ದಾಖಲೆಗೆ ಸೇರದ ಚಿತ್ರಗಳೂ ಉಂಟು. ಈಗ ಮರ ಹತ್ತಲಾರದ ಹಿರಿಯ ಕೊನೆಗೌಡ ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ದಾಟುತ್ತಿದ್ದ ಬಗೆ, ತೀರಿಕೊಂಡ ತಂದೆ ಮೆಣಸಿನ ಬಳ್ಳಿ ಕಟ್ಟುತ್ತ ಆಡಿದ ಎರಡು ಮಾತು. ಇವು ಹೋದರೆ ಯಾವ ಇಲಾಖೆಯೂ ಪರಿಹಾರ ಕೊಡಲಾರದು.

ಇಂಥವು ಹೋಗುವುದು ಬಹುಮಟ್ಟಿಗೆ ಒಂದು ಬೆರಳಿನ ತಪ್ಪಿನಿಂದ. ಫೋನು ತುಂಬಿದೆ ಎಂಬ ಎಚ್ಚರಿಕೆ ಬರುತ್ತದೆ. ಶುಭೋದಯದ ಚಿತ್ರಗಳನ್ನೆಲ್ಲ ಗುಡಿಸಿ ಹಾಕುವ ಭರದಲ್ಲಿ ಕಸದ ಜೊತೆ ಕಾಳೂ ಹೋಗುತ್ತದೆ. ಮೈಲುತುತ್ತ ಒಯ್ಯಲು ಸಂಘದ ಕಚೇರಿಗೆ ಬರುವ ಸದಸ್ಯರು ಈ ವಿಷಯವನ್ನು ನಮ್ಮಲ್ಲಿ ಆಗಾಗ ಕೇಳುತ್ತಾರೆ. ಕೆಲವರು ‘ಹೋದದ್ದು ಹೋಯಿತು’ ಎಂದು ಕೈಚೆಲ್ಲಿ ಕೂರುತ್ತಾರೆ. ಕೆಲವರು ಪೇಟೆಯ ಅಂಗಡಿಗೆ ಓಡಿ ಸಾವಿರಗಟ್ಟಲೆ ಸುರಿಯುತ್ತಾರೆ. ಎರಡಕ್ಕೂ ಮೊದಲು ಮಾಡಬೇಕಾದ, ಖರ್ಚಿಲ್ಲದ ಕೆಲಸವೊಂದಿದೆ. ಅದನ್ನು ತಿಳಿಯಲು ‘ಅಳಿಸುವುದು’ ಎಂದರೇನೆಂದು ಸ್ವಲ್ಪ ನೋಡಬೇಕು.

ಪಹಣಿಯಲ್ಲಿ ಒಬ್ಬನ ಹೆಸರಿಗೆ ಗೀಟು ಎಳೆದ ಮಾತ್ರಕ್ಕೆ ಅವನ ತೋಟ ಮಾಯವಾಗುವುದಿಲ್ಲ. ಮರಗಳು ನಿಂತಲ್ಲೇ ನಿಂತಿರುತ್ತವೆ. ಆದರೆ ‘ಈ ಜಾಗ ಖಾಲಿ’ ಎಂದು ದಾಖಲೆ ಹೇಳುವುದರಿಂದ ನಾಳೆ ಬೇರೊಬ್ಬ ಬಂದು ಮರ ಕಡಿದು ಹೊಸದಾಗಿ ನೆಡಬಹುದು. ಫೋನಿನ ಸಂಗ್ರಹದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಯಾವ ಕಡತ ಎಲ್ಲಿದೆ ಎಂಬ ಸೂಚಿಯೊಂದಿರುತ್ತದೆ. ಅಳಿಸಿದಾಗ ಮೊದಲು ಹೋಗುವುದು ಸೂಚಿಯ ಸಾಲು ಮಾತ್ರ. ಜಾಗ ಖಾಲಿಯೆಂದು ಬರೆದುಕೊಂಡ ಫೋನು ಅಲ್ಲಿ ಹೊಸ ಚಿತ್ರ, ಹೊಸ ಸಂದೇಶ ಏನನ್ನಾದರೂ ಬರೆಯಬಹುದು. ಬರೆದ ಮೇಲೆ ಹಳೆಯದು ಬ್ರಹ್ಮನಿಗೂ ಸಿಗದು.

ಆದ್ದರಿಂದ ಮೊದಲ ಕೆಲಸ, ಕೆಲಸ ನಿಲ್ಲಿಸುವುದು. ತಪ್ಪಾಯಿತೆಂದು ತಿಳಿದ ಕ್ಷಣದಿಂದ ಆ ಫೋನಿನಲ್ಲಿ ಹೊಸ ವಿಡಿಯೋ ತೆಗೆಯಬೇಡಿ, ಹೊಸ ಆಪ್ ಹಾಕಬೇಡಿ. ಇಂಟರ್ನೆಟ್ ಆರಿಸಿ. ಇಲ್ಲದಿದ್ದರೆ ವಾಟ್ಸಾಪ್ ಗುಂಪಿನ ವಿಡಿಯೋಗಳು ತಾವಾಗಿ ಇಳಿದು ಆ ಜಾಗದಲ್ಲೇ ಕೂತಾವು. ‘ಕ್ಲೀನರ್’ ಎಂಬ ಹೆಸರಿನ ಆಪುಗಳನ್ನಂತೂ ಮುಟ್ಟಲೇಬೇಡಿ.

ಎರಡನೆಯದು, ಬುಟ್ಟಿ ನೋಡುವುದು. ಈಗಿನ ಫೋನುಗಳು ಅಳಿಸಿದ ಚಿತ್ರವನ್ನು ಒಮ್ಮೆಗೇ ಎಸೆಯದೆ ಕೆಲವು ದಿನ ಕಸದ ಬುಟ್ಟಿಯಲ್ಲಿ ಇಟ್ಟಿರುತ್ತವೆ. ನಮ್ಮಲ್ಲಿಗೆ ಬಂದ ಸದಸ್ಯರಲ್ಲಿ ಅನೇಕರ ವಿಡಿಯೋ ಇಲ್ಲೇ ಕುಳಿತಿತ್ತು. ಬುಟ್ಟಿಯೊಂದಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಸ್ಯಾಮ್‌ಸಂಗ್ ಫೋನಿನ ಗ್ಯಾಲರಿಯಲ್ಲಿ ಮೂರು ಗೆರೆಯ ಗುರುತು ಒತ್ತಿದರೆ ‘ಟ್ರ್ಯಾಶ್’ ಸಿಗುತ್ತದೆ, 30 ದಿನ ಇರುತ್ತದೆ. ಐಫೋನಿನ ಫೋಟೋಸ್‌ನಲ್ಲಿ ‘ರೀಸೆಂಟ್ಲಿ ಡಿಲೀಟೆಡ್’ ಎಂಬ ಆಲ್ಬಮ್ಮು, ಅಲ್ಲಿಯೂ 30 ದಿನ. ಹೊಸ ಐಫೋನುಗಳಲ್ಲಿ ಇದನ್ನು ತೆರೆಯಲು ಫೋನಿನ ಬೀಗದ ಸಂಖ್ಯೆಯನ್ನೋ ಮುಖವನ್ನೋ ಕೇಳುತ್ತದೆ. ಬೇರೆ ಕಂಪನಿಗಳ ಗ್ಯಾಲರಿಗಳಲ್ಲಿ ಹೆಸರು ‘ಬಿನ್’ ಎಂದೋ ‘ಟ್ರ್ಯಾಶ್’ ಎಂದೋ ಇರುತ್ತದೆ. ವಿಡಿಯೋದ ಮೇಲೆ ಬೆರಳೊತ್ತಿ ‘ರಿಸ್ಟೋರ್’ ಎಂದರೆ ಮೊದಲಿದ್ದ ಜಾಗಕ್ಕೆ ಮರಳುತ್ತದೆ.

ಒಂದು ಫೋನಿನಲ್ಲಿ ಒಂದೇ ಬುಟ್ಟಿ ಎಂದು ತಿಳಿಯಬೇಡಿ. ಗ್ಯಾಲರಿಗೆ ಒಂದು, ಗೂಗಲ್ ಫೋಟೋಸ್‌ಗೆ ಇನ್ನೊಂದು, ಕಡತಗಳನ್ನು ತೋರಿಸುವ ‘ಫೈಲ್ಸ್’ ಆಪಿಗೆ ಮತ್ತೊಂದು. ಯಾವುದರಿಂದ ಅಳಿಸಿದಿರೋ ಅದರ ಬುಟ್ಟಿಯಲ್ಲಿ ಮೊದಲು ನೋಡಿ, ಆಮೇಲೆ ಉಳಿದವನ್ನು ನೋಡಿ.

ಗೂಗಲ್ ಫೋಟೋಸ್ ವಿಷಯವನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ಗೊಂದಲ ಹೆಚ್ಚಾಗಿರುವುದು ಇಲ್ಲಿ. ಅದರಲ್ಲಿ ‘ಬ್ಯಾಕಪ್’ ಚಾಲೂ ಇದ್ದರೆ ನಿಮ್ಮ ವಿಡಿಯೋದ ಪ್ರತಿಯೊಂದು ಗೂಗಲ್‌ನ ಉಗ್ರಾಣಕ್ಕೆ ಹೋಗಿರುತ್ತದೆ. ಅಂಥದ್ದನ್ನು ಅಳಿಸಿದರೆ ಬುಟ್ಟಿಯಲ್ಲಿ 60 ದಿನ ಇರುತ್ತದೆ. ಬ್ಯಾಕಪ್ ಆಗದಿದ್ದುದು 30 ದಿನ. ಆದರೆ ‘ಫೋನಿನಲ್ಲಿ ಅಳಿಸಿದರೂ ಗೂಗಲ್‌ನಲ್ಲಿ ಇರುತ್ತದಲ್ಲ’ ಎಂಬ ಧೈರ್ಯ ಎಲ್ಲ ಸಂದರ್ಭಕ್ಕೂ ಸಲ್ಲದು. ಆ ಆಪಿನೊಳಗೆ ನಿಂತು ‘ಡಿಲೀಟ್’ ಒತ್ತಿದರೆ ಫೋನಿನ ಪ್ರತಿ, ಉಗ್ರಾಣದ ಪ್ರತಿ ಎರಡೂ ಬುಟ್ಟಿಗೆ ಬೀಳುತ್ತವೆ. ಫೋನಿನದು ಮಾತ್ರ ಹೋಗಬೇಕಾದರೆ ‘ಫ್ರೀ ಅಪ್ ಸ್ಪೇಸ್’ ಎಂಬ ಬೇರೆಯೇ ದಾರಿ ಇದೆ. ಇನ್ನೊಂದು ವಿಷಯ: ಗೂಗಲ್ ಉಚಿತವಾಗಿ ಕೊಡುವ ಜಾಗ 15 ಜಿಬಿ, 2021ರ ಜೂನ್ 1ರಿಂದ ಹೊಸ ಚಿತ್ರ, ವಿಡಿಯೋಗಳೂ ಆ ಲೆಕ್ಕದಲ್ಲೇ ಸೇರುತ್ತವೆ. ಜಾಗ ತುಂಬಿದ ಮೇಲೆ ಬ್ಯಾಕಪ್ ನಿಲ್ಲುತ್ತದೆ. ಫೋನು ಅದನ್ನು ಒಂದು ಸಣ್ಣ ಸೂಚನೆಯಲ್ಲಿ ಹೇಳುತ್ತದೆ, ನಾವು ಅದನ್ನು ಬದಿಗೆ ತಳ್ಳುತ್ತೇವೆ. ಬ್ಯಾಕಪ್ ಇದೆಯೆಂದು ನಂಬಿದವರು ಆ ಪರದೆಯನ್ನು ಇಂದೇ ತೆರೆದು ನೋಡುವುದು ಮೇಲು.

ಬುಟ್ಟಿಯಲ್ಲಿ ಇಲ್ಲವೇ? ಹಾಗಾದರೆ ಮೂರನೆಯ ಜಾಗ ಇನ್ನೊಬ್ಬರ ಫೋನು. ಆನೆಯ ವಿಡಿಯೋವನ್ನು ತೆಗೆದ ಮೇಲೆ ಯಾರಿಗೂ ಕಳಿಸದೆ ಇಟ್ಟುಕೊಂಡ ಬೆಳೆಗಾರನನ್ನು ನಾವು ಇನ್ನೂ ಕಂಡಿಲ್ಲ. ಮಗಳಿಗೆ, ಭಾವನಿಗೆ, ಊರಿನ ಗುಂಪಿಗೆ, ಯಾರಿಗಾದರೂ ವಾಟ್ಸಾಪ್‌ನಲ್ಲಿ ಕಳಿಸಿಯೇ ಇರುತ್ತೀರಿ. ಅವರ ಫೋನಿನಲ್ಲಿ ಅದು ಇರಬಹುದು. ಅವರು ಅದನ್ನು ಮರಳಿ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ವಿಡಿಯೋ ಎಂದೇ ಕಳಿಸಿದರೆ ವಾಟ್ಸಾಪ್ ಮತ್ತೊಮ್ಮೆ ಕುಗ್ಗಿಸಿ ಮಸುಕು ಮಾಡಬಹುದು. ನಿಮ್ಮದೇ ಫೋನಿನಲ್ಲಿ, ಗ್ಯಾಲರಿಯಿಂದ ಹೋಗಿದ್ದರೂ, ಕಳಿಸಿದ ಪ್ರತಿ ವಾಟ್ಸಾಪ್‌ನ ಕಡತಗಳ ನಡುವೆ ಉಳಿದಿರುವುದುಂಟು. ಆಂಡ್ರಾಯ್ಡ್ ಫೋನಿನ ‘ಫೈಲ್ಸ್’ ಆಪಿನಲ್ಲಿ ‘ವಾಟ್ಸಾಪ್ ವಿಡಿಯೋ’ ಎಂಬ ಫೋಲ್ಡರು, ಅದರೊಳಗೆ ‘ಸೆಂಟ್’ ಎಂಬ ಇನ್ನೊಂದು ಫೋಲ್ಡರು, ಎರಡನ್ನೂ ನೋಡಿ. ಆದರೆ ಯಾರೋ ಹೇಳಿದರೆಂದು ವಾಟ್ಸಾಪ್ ಅನ್ನೇ ತೆಗೆದು ಹೊಸದಾಗಿ ಹಾಕುವ ಸಾಹಸಕ್ಕೆ ಆತುರದಲ್ಲಿ ಇಳಿಯಬೇಡಿ. ಹಾಗೆ ಮಾಡಿದಾಗ ಹಿಂದಿನ ಬ್ಯಾಕಪ್ಪಿನಲ್ಲಿ ಇದ್ದಷ್ಟೇ ಮರಳುತ್ತದೆ. ವಿಡಿಯೋಗಳನ್ನೂ ಸೇರಿಸು ಎಂದು ಮೊದಲೇ ಗುರುತು ಹಾಕದಿದ್ದರೆ ಬ್ಯಾಕಪ್ಪಿನಲ್ಲಿ ವಿಡಿಯೋ ಇರುವುದೇ ಇಲ್ಲ. ಒಂದನ್ನು ಹುಡುಕಲು ಹೋಗಿ ಹತ್ತನ್ನು ಕಳೆದುಕೊಂಡಂತಾದೀತು.

ಈ ಮೂರೂ ಕಡೆ ಇಲ್ಲದಿದ್ದರೆ? ಪೇಟೆಯ ಅಂಗಡಿಯವರು ಕಾದಿರುವುದು ಈ ಪ್ರಶ್ನೆಗೇ. ಇಲ್ಲಿ ನಿಷ್ಠುರವಾಗಿ ಹೇಳುವುದು ಅಗತ್ಯ. ಫೋನಿನ ಒಳಗಿನ ಸಂಗ್ರಹದಲ್ಲಿದ್ದು ಬುಟ್ಟಿಯಿಂದಲೂ ಹೋದ ವಿಡಿಯೋ ಸಿಗುವ ಸಂಭವ ಈಗಿನ ಫೋನುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಾರಣ ಎರಡು. ಫೋನಿನ ಫ್ಲ್ಯಾಶ್ ಚಿಪ್ಪಿನಲ್ಲಿ ಹಳೆಯದರ ಮೇಲೆ ನೇರವಾಗಿ ಹೊಸದನ್ನು ಬರೆಯಲಾಗದು. ಮೊದಲು ಆ ಪಾತಿಯನ್ನು ಪೂರಾ ಕೆರೆದು ಹದಮಾಡಬೇಕು. ಅದಕ್ಕಾಗಿ ಫೋನು ಬಿಡುವಾಗಿದ್ದಾಗ, ಮುಖ್ಯವಾಗಿ ರಾತ್ರಿ ಚಾರ್ಜಿಗೆ ಹಾಕಿ ಮಲಗಿದಾಗ, ಖಾಲಿಯೆಂದು ಬರೆದ ಜಾಗಗಳನ್ನೆಲ್ಲ ತಾನಾಗಿ ಚಿಪ್ಪಿಗೆ ಒಪ್ಪಿಸಿಬಿಡುತ್ತದೆ. ಎರಡನೆಯ ಕಾರಣ ಇನ್ನೂ ಬಲವಾದದ್ದು. ಆಂಡ್ರಾಯ್ಡ್ 10 ಬಂದ 2019ರಿಂದ ಈಚಿನ ಹೊಸ ಫೋನುಗಳಲ್ಲೂ ಐಫೋನುಗಳಲ್ಲೂ ಕಡತಗಳನ್ನು ಗೂಢಲಿಪಿಯಲ್ಲಿ ಬರೆದಿಡುತ್ತಾರೆ. ಪ್ರತಿ ಕಡತಕ್ಕೂ ಬೇರೆ ಕೀಲಿ. ಸೂಚಿಯ ಸಾಲು ಹೋದಾಗ ಆ ಕೀಲಿಯ ವಿವರವೂ ಅದರ ಜೊತೆಗೇ ಹೋಗುತ್ತದೆ. ತಿಜೋರಿ ನಿಂತಿದೆ, ಕೀಲಿಯನ್ನು ಕರಗಿಸಿ ಆಗಿದೆ. ಫೋನು ಕಳವಾದಾಗ ನಮ್ಮ ಬ್ಯಾಂಕಿನ ಲೆಕ್ಕವನ್ನು ಕಳ್ಳನಿಂದ ಕಾಯುವ ಏರ್ಪಾಡೂ ಇದೇ, ಅದನ್ನು ಬೇಡವೆನ್ನುವಂತಿಲ್ಲ.

ಹೀಗಿರುವಾಗ ‘ಅಳಿಸಿದ ಎಲ್ಲ ವಿಡಿಯೋ ಮರಳಿ ಪಡೆಯಿರಿ’ ಎಂಬ ಆಪುಗಳು ತೋರಿಸುವುದೇನು? ಬಹಳ ಸಲ ಫೋನು ತನ್ನ ಅನುಕೂಲಕ್ಕೆ ಮಾಡಿಟ್ಟುಕೊಂಡ ಬೆರಳುಗಾತ್ರದ ಚಿತ್ರಗಳನ್ನು, ಇಲ್ಲವೆ ಬುಟ್ಟಿಯಲ್ಲಿ ಇದ್ದದ್ದನ್ನೇ. ಅದನ್ನು ಕಂಡು ಆಸೆಯಾಗಿ ಹಣ ಕಟ್ಟಿದ ಮೇಲೆ ಚಿತ್ರ ಬರುತ್ತದೆ, ಓಡುವ ವಿಡಿಯೋ ಬರುವುದಿಲ್ಲ. ಮೇಲಾಗಿ ಅಂಥ ಆಪಿಗೆ ಫೋನಿನ ಎಲ್ಲ ಕಡತಗಳನ್ನೂ ನೋಡುವ ಅನುಮತಿ ಕೊಟ್ಟಿರುತ್ತೇವೆ. ಸದಸ್ಯರೊಬ್ಬರು ಪೇಟೆಯ ಅಂಗಡಿಯೊಂದಕ್ಕೆ ನಾಲ್ಕು ಸಾವಿರ ಕೊಟ್ಟು ಪಡೆದದ್ದು ಹೀಗೆ ಅಂಚೆಚೀಟಿಯಷ್ಟಗಲದ ನಲವತ್ತು ಚಿತ್ರಗಳನ್ನು; ಆನೆಯ ಬಾಲ ಯಾವುದು, ಬಾಳೆಯ ಎಲೆ ಯಾವುದು ಎಂದು ಗುರುತಿಸಲು ನಮ್ಮಿಂದಾಗಲಿಲ್ಲ. ‘ರೂಟ್ ಮಾಡಿ ತೆಗೆಯುತ್ತೇವೆ’ ಎನ್ನುವವರೂ ಇದ್ದಾರೆ. ಅದಕ್ಕಾಗಿ ಫೋನಿನ ಮೂಲ ಬೀಗವನ್ನು ಬಿಚ್ಚಿಸಿದರೆ ಸಾಮಾನ್ಯವಾಗಿ ಫೋನಿನಲ್ಲಿ ಉಳಿದದ್ದೆಲ್ಲವೂ ಒರಸಿಹೋಗುತ್ತದೆಂಬುದನ್ನು ಅವರು ಮೊದಲು ಹೇಳುವುದಿಲ್ಲ.

ಮೆಮೊರಿ ಕಾರ್ಡಿನ ಕಥೆ ಬೇರೆ, ಇಲ್ಲಿ ಆಸೆ ಇಟ್ಟುಕೊಳ್ಳಬಹುದು. ಕಡಿಮೆ ಬೆಲೆಯ ಹಲವು ಫೋನುಗಳಲ್ಲಿ, ಕಾಡುಪ್ರಾಣಿಗಳಿಗೆಂದು ತೋಟದಂಚಿನಲ್ಲಿ ಕಟ್ಟುವ ಕ್ಯಾಮೆರಾಗಳಲ್ಲಿ ವಿಡಿಯೋ ಕೂರುವುದು ಉಗುರಿನಗಲದ ಮೈಕ್ರೋ ಎಸ್‌ಡಿ ಕಾರ್ಡಿನಲ್ಲಿ. ಸಾಮಾನ್ಯವಾಗಿ ಬಳಸುವ ಕಾರ್ಡಿಗೆ ಗೂಢಲಿಪಿ ಇರುವುದಿಲ್ಲ. ಫೋನಿನ ಒಳಸಂಗ್ರಹಕ್ಕೇ ಸೇರಿಸಿಕೊಂಡ ಕಾರ್ಡಾದರೆ ಮಾತ್ರ ಇರುತ್ತದೆ. ಆದ್ದರಿಂದ ಮೇಲೆ ಬರೆಯದಿದ್ದರೆ ಹಳೆಯದು ಬಹುಕಾಲ ಹಾಗೆಯೇ ಉಳಿದಿರಬಹುದು. ಫೋನನ್ನು ಆರಿಸಿ ಕಾರ್ಡನ್ನು ಹೊರತೆಗೆಯಿರಿ. ಅದನ್ನು ಕೂರಿಸುವ ದೊಡ್ಡ ಕವಚದ ಪಕ್ಕದಲ್ಲಿ ಸಣ್ಣ ಬೀಗದ ಗುಂಡಿ ಇರುತ್ತದೆ. ಅದನ್ನು ಕೆಳಗೆ ಸರಿಸಿದರೆ ಕಂಪ್ಯೂಟರು ಕಾರ್ಡನ್ನು ಓದುತ್ತದೆ, ಬರೆಯದು. ‘ಫಾರ್ಮ್ಯಾಟ್ ಮಾಡಲೇ?’ ಎಂದು ಕಂಪ್ಯೂಟರು ಕೇಳಿದರೆ ಬೇಡವೆನ್ನಿ. ಫೋಟೋರೆಕ್ ಎಂಬ ತಂತ್ರಾಂಶ ಇದೆ, ಸಂಪೂರ್ಣ ಉಚಿತ. ಅದು ಹೋದ ಸೂಚಿಯನ್ನು ನೆಚ್ಚದೆ ಕಾರ್ಡಿನ ಇಡೀ ನೆಲವನ್ನು ಸಾಲು ಹಿಡಿದು ನಡೆದು, ವಿಡಿಯೋ ಪ್ರಾರಂಭವಾಗುವ ಗುರುತು ಕಂಡಲ್ಲೆಲ್ಲ ಎತ್ತಿ ತೆಗೆಯುತ್ತದೆ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಅಲ್ಲ, ಕಂಪ್ಯೂಟರಿಗೆ ಉಳಿಸಿಕೊಳ್ಳಬೇಕು. ಮೊದಲಿನ ಹೆಸರುಗಳು ಬರುವುದಿಲ್ಲ. ನೂರಾರು ಕಡತಗಳ ರಾಶಿಯಿಂದ ನಮಗೆ ಬೇಕಾದ್ದನ್ನು ನಾವೇ ಆರಿಸಬೇಕು, ಗೋರಬಲು ಆರಿಸಿದ ಹಾಗೆ. ದೊಡ್ಡ ವಿಡಿಯೋ ತುಂಡುತುಂಡಾಗಿ ಬೇರೆ ಬೇರೆ ಕಡೆ ಕೂತಿದ್ದರೆ ಪೂರಾ ಬರದೆಯೂ ಹೋಗಬಹುದು. ಆದರೂ ಪ್ರಯತ್ನಿಸಲು ತಕ್ಕುದು.

ಕಣಕ್ಕೆ, ಗೋದಾಮಿಗೆ ಹಾಕಿಸಿದ ಕಳ್ಳಗಾವಲಿನ ಕ್ಯಾಮೆರಾಗಳಿಗೆ ಬುಟ್ಟಿ ಇಲ್ಲ. ಅವು ತುಂಬಿದಂತೆ ಹಳೆಯ ದಿನಗಳ ಮೇಲೆ ಹೊಸದನ್ನು ಬರೆಯುತ್ತಲೇ ಹೋಗುತ್ತವೆ. ಮೆಣಸು ಕಳವಾದದ್ದು ತಿಳಿದ ದಿನವೇ ಆ ರಾತ್ರಿಯ ಭಾಗವನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಬೇಕು. ‘ಭಾನುವಾರ ಮಗ ಬರುತ್ತಾನೆ, ನೋಡೋಣ’ ಎಂದರೆ ಅಷ್ಟರಲ್ಲಿ ಆ ರಾತ್ರಿಯ ಮೇಲೆ ಬೇರೆ ರಾತ್ರಿ ಬಂದು ಕೂತಿರಬಹುದು.

ವಿಡಿಯೋ ಸಿಕ್ಕಿದ ಮೇಲೂ ಒಂದು ಮಾತಿದೆ, ವ್ಯಾಜ್ಯದಲ್ಲಿ ಇರುವವರಿಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಕಾರ ಇಂಥ ವಿದ್ಯುನ್ಮಾನ ದಾಖಲೆಯ ಪ್ರತಿಯ ಜೊತೆಗೆ ಗೊತ್ತಾದ ನಮೂನೆಯ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಯಾವ ಉಪಕರಣದಿಂದ ಬಂದದ್ದು ಎಂಬ ವಿವರ ಅದರಲ್ಲಿ ಸೇರುತ್ತದೆ. ಹಾಗಾಗಿ ವಿಡಿಯೋ ತೆಗೆದ ಫೋನನ್ನೂ ಕಾರ್ಡನ್ನೂ ಮಾರದೆ, ಬದಲಿಸದೆ ಎತ್ತಿಡಿ. ಸಿಕ್ಕ ವಿಡಿಯೋವನ್ನು ಕತ್ತರಿಸಿ, ಮೇಲೆ ಬರಹ ಹಾಕಿ ಚೆಂದ ಮಾಡಲು ಹೋಗದೆ ಇದ್ದ ಹಾಗೆಯೇ ಒಂದು ಪ್ರತಿ ಇಟ್ಟು ವಕೀಲರಿಗೆ ತೋರಿಸಿ.

ಸಂಘದ ಕಚೇರಿಯ ಕಂಪ್ಯೂಟರಿಗೆ ಕಾರ್ಡ್ ಓದುವ ಸಾಧನವನ್ನು ಕೊಂಡು ಇಟ್ಟಿದ್ದೇವೆ, ಫೋಟೋರೆಕ್ ಕೂಡ ಹಾಕಿಸಿದ್ದೇವೆ. ಕಾರ್ಡು ಕಳೆದುಕೊಂಡ ವಿಡಿಯೋ ಇರುವ ಸದಸ್ಯರು ಸಂತೆಯ ದಿನ ಬಿಟ್ಟು ಉಳಿದ ದಿನಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಬರಬಹುದು. ಕಾರ್ಡನ್ನು ಫೋನಿನಿಂದ ತೆಗೆದು ಕಾಗದದ ಕವರಿನಲ್ಲಿ ತನ್ನಿ. ಸಿಕ್ಕಿದ್ದನ್ನು ಒಯ್ಯಲು ಖಾಲಿ ಪೆನ್‌ಡ್ರೈವ್ ಒಂದನ್ನೂ ಮರೆಯದೆ ತನ್ನಿ. ದೊಡ್ಡ ಕಾರ್ಡಾದರೆ ಕೆಲಸ ಕೆಲವು ಗಂಟೆ ಹಿಡಿಯುತ್ತದೆ. ಕೂತು ಕಾಯಬೇಕಾಗಿಲ್ಲ, ಮರುದಿನ ಬಂದರೂ ಆದೀತು.