ಐದೂವರೆ ಕೆ.ಜಿ. ಚೀಲ: ಸಂತೆ ನನಗೆ ಕಲಿಸಿದ ಊಟ

ಕಳೆದ ವರ್ಷ ಜೂನ್‌ನಲ್ಲಿ ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟ್ ಮೊಬೈಲಿಗೆ ಬಂತು. ಎಚ್‌ಬಿಎ1ಸಿ 6.2. ಪಕ್ಕದಲ್ಲೊಂದು ಕೆಂಪು ಬಾಣ. ನನಗಾಗ 32 ವರ್ಷ.

ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ಹೇಳುವ ಪರೀಕ್ಷೆ ಇದು. 5.7ರಿಂದ 6.4ರ ಒಳಗಿದ್ದರೆ ಪ್ರೀಡಯಾಬಿಟಿಸ್, 6.5 ಆದರೆ ಮಧುಮೇಹ. ಅಂದ್ರೆ ನಾನು ಹೊಸಿಲ ಮೇಲೆ ನಿಂತಿದ್ದೆ. ಆ ಹೊಸಿಲು ನನಗೆ ಚೆನ್ನಾಗಿ ಗೊತ್ತು. ಅಪ್ಪ ನಲವತ್ತನೇ ವಯಸ್ಸಿಗೆ ಅದನ್ನು ದಾಟಿದ್ದರು. ಐವತ್ತಾರಕ್ಕೆ ಡಯಾಲಿಸಿಸ್, ಐವತ್ತೆಂಟಕ್ಕೆ ಇಲ್ಲ. ರಿಪೋರ್ಟನ್ನ ಅಮ್ಮನಿಗೆ ಎರಡು ದಿನ ತೋರಿಸಲೇ ಇಲ್ಲ.

ಇದು ನನ್ನೊಬ್ಬಳ ಕತೆಯೂ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ ಇದೆ. ನನ್ನ ಹಾಗೆ ಹೊಸಿಲ ಮೇಲೆ ಇರೋರು ಇನ್ನೂ ಜಾಸ್ತಿ, ಸುಮಾರು 13.6 ಕೋಟಿ.

ಡಾಕ್ಟರು ಹೆಚ್ಚು ಮಾತಾಡಲಿಲ್ಲ. "ಮಾತ್ರೆ ಈಗಲೇ ಬೇಡ. ದಿನಾ ನಡೀರಿ, ತಟ್ಟೆ ಬದಲಾಯಿಸಿ. ಆರು ತಿಂಗಳು ಬಿಟ್ಟು ಬನ್ನಿ" ಅಂದರು.

ತಕ್ಕಡಿ ಹೇಳಿದ ಸತ್ಯ

ತಟ್ಟೆ ಬದಲಾಯಿಸೋದು ಅಂದ್ರೇನು? ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಓದಿದೆ. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಸೊಪ್ಪೂ ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಅಂತಿತ್ತು. ನಾನು ತಿನ್ನೋದು ಎಷ್ಟು ಅಂತ ನೋಡಲು ಅಡುಗೆಮನೆ ತಕ್ಕಡಿಯಲ್ಲಿ ಮೂರು ದಿನ ತೂಗಿದೆ. ಸಾಂಬಾರಿನ ನಾಲ್ಕು ಹೋಳು, ಪಲ್ಯ ಎರಡು ಚಮಚ, ಸೌತೆಕಾಯಿ ಬಿಲ್ಲೆ ಐದಾರು. ಯಾವ ದಿನವೂ 130 ಗ್ರಾಂ ದಾಟಲಿಲ್ಲ. ಉಳಿದ ತಟ್ಟೆ ತುಂಬಾ ಅನ್ನ.

ಆಮೇಲೆ ಒಂದು ಸಣ್ಣ ಲೆಕ್ಕ. ಒಬ್ಬರಿಗೆ ದಿನಕ್ಕೆ 400 ಗ್ರಾಂ. ಅಮ್ಮ ಮತ್ತು ನಾನು, ಇಬ್ಬರಿಗೆ ಏಳು ದಿನಕ್ಕೆ 5.6 ಕೆ.ಜಿ. ಬೆಂಗಳೂರಲ್ಲಿದ್ದಾಗ ಹತ್ತು ನಿಮಿಷದ ಆ್ಯಪ್‌ನಲ್ಲಿ ನಾನು ತರಿಸ್ತಿದ್ದದ್ದು ಕಾಲು ಕೆ.ಜಿ. ಬೀನ್ಸ್, ಒಂದು ಪೊಟ್ಟಣ ಕೊತ್ತಂಬರಿ, ಜೊತೆಗೆ ಒಂದು ಚಿಪ್ಸ್. ಐದೂವರೆ ಕೆ.ಜಿ. ತರಕಾರಿ ಅನ್ನೋದು ಆ್ಯಪಿನ ಲೆಕ್ಕವೇ ಅಲ್ಲ, ಅದು ಸಂತೆ ಚೀಲದ ಲೆಕ್ಕ.

ಆಗಷ್ಟೇ ನಮ್ಮ ಆಫೀಸು ತಿಂಗಳಿಗೆ ಎರಡು ಸಲ ಬಂದರೆ ಸಾಕು ಅಂದಿತ್ತು. ನಾನು ಬಾಡಿಗೆ ಮನೆ ಬಿಟ್ಟು ಮಧುಗಿರಿಯಲ್ಲಿ ಅಮ್ಮನ ಜೊತೆ ಇರೋಕೆ ಬಂದಿದ್ದೆ. ಸಂತೆ ದಿನ ಅಮ್ಮ ಚೀಲ ಕೊಡವುತ್ತಾ ಕೇಳಿದಳು, "ಬರ್ತೀಯಾ?" ಹದಿನೈದು ವರ್ಷದ ಮೇಲೆ ಮೊದಲ ಸಲ "ಹ್ಞೂಂ" ಅಂದೆ.

ಮೊದಲು ಕೊಳ್ಳೋದು, ಆಮೇಲೆ ಅಡುಗೆ

ಮಧುಗಿರಿ ಅಂದ್ರೆ ಎಲ್ಲರಿಗೂ ಏಕಶಿಲಾ ಬೆಟ್ಟ ನೆನಪಾಗುತ್ತೆ. ನನಗೀಗ ಬೆಟ್ಟದ ಕೆಳಗಿನ ಗೋಣಿತಾಟುಗಳು ನೆನಪಾಗುತ್ತವೆ. ಮೊದಲ ದಿನ ನಾನು ಫೋನಿನಲ್ಲಿ ಲಿಸ್ಟ್ ಮಾಡಿಕೊಂಡು ಹೋಗಿದ್ದೆ: ಬೀನ್ಸ್, ಕ್ಯಾರೆಟ್, ಕ್ಯಾಪ್ಸಿಕಂ. ಅಮ್ಮ ನಕ್ಕಳು. "ಸಂತೇಲಿ ಏನಿದೆ ಅಂತ ನೋಡು, ಆಮೇಲೆ ಏನ್ ಮಾಡೋದು ಅಂತ ಯೋಚನೆ ಮಾಡು."

ವ್ಯತ್ಯಾಸ ಇರೋದೇ ಇಲ್ಲಿ. ಆ್ಯಪಿನಲ್ಲಿ ನಮಗೆ ಗೊತ್ತಿರೋ ಹೆಸರನ್ನೇ ಹುಡುಕ್ತೀವಿ, ಹಾಗಾಗಿ ವರ್ಷವಿಡೀ ಅದೇ ಆರು ತರಕಾರಿ. ಸಂತೆಯಲ್ಲಿ ಗೊತ್ತಿಲ್ಲದ್ದು ಕಣ್ಣಿಗೆ ಬೀಳುತ್ತೆ. ಒಬ್ಬ ಅಜ್ಜಿ ಮುಂದೆ ಬೆರಕೆ ಸೊಪ್ಪಿನ ರಾಶಿ ಇತ್ತು. ಹೆಸರು ಕೇಳಿದೆ. "ಅಣ್ಣೆ ಸೊಪ್ಪು, ಕಿರಕಸಾಲೆ, ಗಣಿಕೆ, ಹೊನಗೊನ್ನೆ" ಅಂತ ಒಂದೊಂದೇ ಎತ್ತಿ ತೋರಿಸಿದಳು. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ತಾನಾಗೇ ಬರೋ ಸೊಪ್ಪುಗಳು ಇವು. ಬೆಂಗಳೂರಿನ ಫ್ರಿಜ್ಜಿನಲ್ಲಿ ನಾನು ಕಂಡಿದ್ದು ಪಾಲಕ್ ಒಂದೇ.

ಆ ರಾತ್ರಿ ಬೇಳೆ ಜೊತೆ ಬೇಯಿಸಿ ಕಡೆದು ಮಸ್ಸೊಪ್ಪು ಮಾಡಿದ್ವಿ. ಒಂದು ಊಟಕ್ಕೇ ನನ್ನ ತಟ್ಟೆಯಲ್ಲಿ ಇನ್ನೂರು ಗ್ರಾಂ ಸೊಪ್ಪು! ಡಯಟ್ ಮಾಡ್ತಿದ್ದೀನಿ ಅಂತ ಅನ್ನಿಸಲೇ ಇಲ್ಲ.

ತಂದ ಸೊಪ್ಪು ಎರಡು ದಿನಕ್ಕೆ ಬಾಡುತ್ತೆ. ಅದಕ್ಕೇ ಅಡುಗೆ ಮಾಡಲೇಬೇಕು, ಆರ್ಡರ್ ಮಾಡೋಕೆ ಮನಸ್ಸು ಬರಲ್ಲ. ವಾರಕ್ಕೆ ನಾಲ್ಕು ಸಲ ಹೊರಗಿನಿಂದ ತರಿಸ್ತಿದ್ದವಳು ತಿಂಗಳಿಗೆ ಎರಡು ಸಲಕ್ಕೆ ಇಳಿದೆ. ಸಂಯಮ ಬಂತು ಅಂತಲ್ಲ, ಮೊರದಲ್ಲಿ ದಂಟಿನ ಸೊಪ್ಪು ಕಾಯ್ತಾ ಕೂತಿರುತ್ತೆ, ಅಷ್ಟೇ.

ಊರಿಗೊಂದು ರುಚಿ

ನಮ್ಮ ಕಡೆ ಊರೂರಿಗೆ ಬೇರೆ ಬೇರೆ ದಿನ ಸಂತೆ. ರುಚಿ ಹತ್ತಿದ ಮೇಲೆ ಹೋದ ಊರಲ್ಲೆಲ್ಲ ಚೀಲ ಜೊತೆಗಿಟ್ಟುಕೊಳ್ಳೋ ಚಟ ಶುರುವಾಯ್ತು.

ಆಫೀಸಿಗೆ ಹೋಗಿ ಬರೋ ದಾರಿಯಲ್ಲಿ ಕೊರಟಗೆರೆ. ಗಿಡಮೂಲಿಕೆಗೆ ಹೆಸರಾದ ಸಿದ್ಧರಬೆಟ್ಟ ಈ ತಾಲ್ಲೂಕಿನದ್ದೇ. ಜಯಮಂಗಲಿ ನದಿ ಹರಿಯೋದೂ ಇಲ್ಲೇ. ಸೆಪ್ಟೆಂಬರಿನಲ್ಲಿ ಅಲ್ಲಿ ಬುಟ್ಟಿಗಟ್ಟಲೆ ಸೀತಾಫಲ. ಸಿಹಿ ಜಾಸ್ತಿ ಅಂತ ಒಂದು ಹಣ್ಣನ್ನು ಅಮ್ಮನೂ ನಾನೂ ಹಂಚಿಕೊಂಡೆವು. ನುಗ್ಗೆ ಸೊಪ್ಪನ್ನು ಮಾತ್ರ ಧಾರಾಳವಾಗಿ ತಂದೆ. 100 ಗ್ರಾಂನಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುವ ಸೊಪ್ಪಿದು. ನಾವು ನೋಡಿದರೆ ಮರದಿಂದ ಕಾಯಿ ಕಿತ್ತು ಸೊಪ್ಪು ಬಿಡ್ತೀವಿ.

ಶ್ರಾವಣ ಶನಿವಾರ ಅಮ್ಮನ ಹರಕೆಗೆ ಪಾವಗಡದ ಶನಿಮಹಾತ್ಮ ದೇವಸ್ಥಾನಕ್ಕೆ ಹೋಗಿದ್ವಿ. ದರ್ಶನ ಮುಗಿಸಿ ಪೇಟೆ ಕಡೆ ಹೊರಟ್ವಿ. ಪಾವಗಡ ಕರ್ನಾಟಕದ್ದೇ ಆದರೂ ಸುತ್ತ ಬಹುಪಾಲು ಆಂಧ್ರ, ಹಾಗಾಗಿ ಚೌಕಾಸಿ ಅರ್ಧ ಕನ್ನಡ, ಅರ್ಧ ತೆಲುಗು. ಗಡಿಯಾಚೆ ಆಂಧ್ರದಲ್ಲಿ ರೈತರೇ ನೇರವಾಗಿ ಮಾರಲಿ ಅಂತ 1999ರಲ್ಲೇ ರೈತು ಬಜಾರ್ ಶುರುವಾಗಿದ್ದವು. ಇವತ್ತು ಪಾವಗಡ ಅಂದ್ರೆ ತಿರುಮಣಿ ಬಳಿಯ 2050 ಮೆಗಾವಾಟ್ ಸೋಲಾರ್ ಪಾರ್ಕ್ ಅಂತಾರೆ. ಆದರೆ ಈ ಒಣ ಸೀಮೆಯ ಹಳೇ ಸಂಪತ್ತು ಕಡಲೆಕಾಯಿ, ಹುರುಳಿ, ತೊಗರಿ. ನಾನು ಎರಡು ಕೆ.ಜಿ. ಹುರುಳಿ ತಂದೆ. 100 ಗ್ರಾಂ ಹುರುಳಿಯಲ್ಲಿ 20 ಗ್ರಾಂಗಿಂತ ಜಾಸ್ತಿ ಪ್ರೋಟೀನ್. ಜಿಮ್‌ಗೆ ಹೋಗೋ ನನ್ನ ಸಹೋದ್ಯೋಗಿಗೆ ಮೊಳಕೆ ಹುರುಳಿ ಕೊಟ್ಟೆ, ಡಬ್ಬಿ ಪುಡಿಗಿಂತ ಎಷ್ಟೋ ಅಗ್ಗ ಅಂತ ಲೆಕ್ಕ ಹಾಕಿ ತೋರಿಸಿದ.

ಶಿರಾದಲ್ಲಿ ಚಿಕ್ಕಮ್ಮನ ಮನೆ. ದೀಪಾವಳಿಗೆ ಹೋದಾಗ ಹೊಲದಿಂದ ಆಗಷ್ಟೇ ಕಿತ್ತ ಹಸಿ ಕಡಲೆಕಾಯಿ, ಮಣ್ಣಿನ ಸಮೇತ. ಸಂಜೆ ಸ್ನ್ಯಾಕ್ಸ್ ಸಮಸ್ಯೆ ಬಗೆಹರಿದಿದ್ದು ಅಲ್ಲೇ. ನಾಲ್ಕು ಗಂಟೆಯ ಮೀಟಿಂಗಿಗೆ ಬಿಸ್ಕತ್ತಿನ ಬದಲು ಒಂದು ಹಿಡಿ ಬೇಯಿಸಿದ ಕಡಲೆಕಾಯಿ. ಸಿಪ್ಪೆ ಬಿಡಿಸಿ ತಿನ್ನಬೇಕಲ್ಲ, ಕೈಯೂ ನಿಧಾನ, ಬಾಯಿಯೂ ನಿಧಾನ.

ಸಂತೆ ದೇವರ ಪ್ರಸಾದವಲ್ಲ

ಕೆಲವು ಮಾತು ನೇರವಾಗಿ ಹೇಳಿಬಿಡ್ತೀನಿ. ಸಂತೆಯಲ್ಲಿ ಕೂತವರೆಲ್ಲ ರೈತರಲ್ಲ. ಮಂಡಿಯಿಂದ ತಂದು ಮಾರೋರೂ ಇರ್ತಾರೆ, ಅದೂ ಅವರ ಹೊಟ್ಟೆಪಾಡು. ಗುರುತಿಸೋದು ಕಷ್ಟವಲ್ಲ. ಬೆಳೆದವರ ಮುಂದೆ ಸಾಮಾನ್ಯವಾಗಿ ಎರಡೋ ಮೂರೋ ಬಗೆ ಇರುತ್ತೆ, ಗಾತ್ರ ಒಂದೇ ಸಮ ಇರಲ್ಲ. "ಎಷ್ಟು ಹೊತ್ತಿಗೆ ಕಿತ್ರಿ? ಯಾವೂರು?" ಅಂತ ಕೇಳಿ. ಬೆಳೆದವರು ಹೊಲದ ಕತೆಯನ್ನೇ ಹೇಳ್ತಾರೆ.

ಸಂತೆ ತರಕಾರಿ ಎಲ್ಲವೂ ಸಾವಯವ ಅಂತಲೂ ಅಂದುಕೊಳ್ಳಬೇಡಿ. ಔಷಧಿ ಹೊಡೆದದ್ದೂ ಬರುತ್ತೆ. ಹರಿಯೋ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಬದುವಿನ ಸೊಪ್ಪನ್ನು ಗೊತ್ತಿದ್ದವರಿಂದಲೇ ಕೊಳ್ಳಿ, ನಾವೇ ಹೋಗಿ ಕೀಳೋ ಸಾಹಸ ಬೇಡ.

ಇನ್ನು ರಾಗಿ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ, ನಾರೂ ಇದೆ, ನಿಜ. ಆದರೆ ಮುದ್ದೆಯೂ ಪಿಷ್ಟವೇ. ನಮ್ಮಜ್ಜ ಎರಡು ಮುದ್ದೆ ಉಂಡು ದಿನವಿಡೀ ಹೊಲ ಉಳ್ತಿದ್ದ. ನಾನು ಎರಡು ಮುದ್ದೆ ಉಂಡು ಲ್ಯಾಪ್‌ಟಾಪ್ ಮುಂದೆ ಕೂತರೆ ಸಕ್ಕರೆ ಇಳಿಯಲ್ಲ. ಈಗ ನನ್ನ ಮುದ್ದೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಸಾರಿನ ಬಟ್ಟಲು ಮಾತ್ರ ದೊಡ್ಡದು.

ಸಂತೆ ಬಾಗಿಲಲ್ಲೇ ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿಯೂ ಇರುತ್ತೆ. ತಿನ್ನಲ್ಲ ಅಂದ್ರೆ ಸುಳ್ಳಾಗುತ್ತೆ. ತಿಂಗಳಿಗೊಂದು ಸಲ, ಅಮ್ಮನ ಜೊತೆ ಹಂಚಿಕೊಂಡು.

ನೀವೂ ಶುರು ಮಾಡೋದಾದರೆ

- ಲಿಸ್ಟ್ ಬೇಡ, ಬಟ್ಟೆ ಚೀಲ ಎರಡು ಇರಲಿ. ಒಂದು ಸೊಪ್ಪಿಗೆ, ಇನ್ನೊಂದು ಭಾರದ ತರಕಾರಿಗೆ.
- ಮೊದಲು ಖಾಲಿ ಕೈಯಲ್ಲಿ ಒಂದು ಸುತ್ತು ಹಾಕಿ. ಬೆಲೆ ಗೊತ್ತಾಗುತ್ತೆ, ಒಂದಿಷ್ಟು ನಡಿಗೆಯೂ ಆಗುತ್ತೆ.
- ಪ್ರತಿ ವಾರ ಹೊಸದೊಂದು ಕೊಳ್ಳಿ. ಮಾಡೋದು ಹೇಗೆ ಅಂತ ಮಾರೋರನ್ನೇ ಕೇಳಿ. ಯೂಟ್ಯೂಬಿಗಿಂತ ಚೆನ್ನಾಗಿ ಹೇಳ್ತಾರೆ.
- ಸೊಪ್ಪನ್ನು ಮೊದಲ ಎರಡು ದಿನ ಮುಗಿಸಿ. ಬದನೆ, ಹೀರೆ, ಬೆಂಡೆ ನಡುವಾರಕ್ಕೆ. ಕುಂಬಳ, ಗೆಡ್ಡೆ ಕೊನೆಗೆ.
- ಸೊಪ್ಪಿನ ಸಾರಿಗೆ ಬಡಿಸಿದ ಮೇಲೆ ನಿಂಬೆರಸ ಹಿಂಡಿ. ಅದರ ಸಿ ವಿಟಮಿನ್ ಸೊಪ್ಪಿನ ಕಬ್ಬಿಣಾಂಶ ಹೀರಿಕೊಳ್ಳಲು ನೆರವಾಗುತ್ತೆ. ಊಟದ ಜೊತೆಗೇ ಕಾಫಿ, ಟೀ ಬೇಡ.
- ಎರಡು ರೂಪಾಯಿಗೆ ಸೊಪ್ಪಿನವರ ಹತ್ತಿರ ಜಗಳ ಆಡಬೇಡಿ. ಡೆಲಿವರಿ ಚಾರ್ಜ್ ಉಳಿದಿದೆಯಲ್ಲ!

ಬೆಂಗಳೂರಲ್ಲೇ ಇದ್ದೀರಾ? ನಿಮ್ಮ ಬಡಾವಣೆಯಲ್ಲೂ ವಾರದ ಸಂತೆ ಇರಬಹುದು, ಹಾಪ್‌ಕಾಮ್ಸ್ ಮಳಿಗೆಗಳಂತೂ ಇವೆ. ಊರಿಗೆ ಬಂದಾಗ ಸಂತೆ ದಿನ ಯಾವತ್ತು ಅಂತ ಮನೆಯವರನ್ನು ಒಂದು ಮಾತು ಕೇಳಿ.

ಜನವರಿಯ ರಿಪೋರ್ಟ್

ಆರು ತಿಂಗಳು ಕಳೆದು ಜನವರಿಯಲ್ಲಿ ಮತ್ತೆ ರಕ್ತ ಕೊಟ್ಟೆ. 5.9. ನಾಲ್ಕು ಕೆ.ಜಿ. ತೂಕವೂ ಇಳಿದಿತ್ತು. ಕುಣಿಯೋ ಅಷ್ಟು ಖುಷಿಯಾಯ್ತು. ಡಾಕ್ಟರು ಮಾತ್ರ, "ಇನ್ನೂ ಹೊಸಿಲ ಮೇಲೇ ಇದ್ದೀರಿ, ಬಿಡಬೇಡಿ" ಅಂದರು. ಸರಿಯಾದ ಮಾತೇ. ಸಂತೆಯೊಂದೇ ಇದನ್ನು ಮಾಡಿತು ಅಂತ ನಾನೂ ಹೇಳಲ್ಲ. ಬೆಳಗಿನ ನಡಿಗೆ ಇತ್ತು, ರಾತ್ರಿ ಎಂಟಕ್ಕೆ ಊಟ ಇತ್ತು. ನಿಮಗೆ ಆಗಲೇ ಮಾತ್ರೆ ನಡೀತಿದ್ದರೆ ಡಾಕ್ಟರನ್ನು ಕೇಳದೆ ಏನನ್ನೂ ಬದಲಾಯಿಸಬೇಡಿ.

ಆದರೆ ಇದೆಲ್ಲ ಜೋಡಿಸಿಕೊಂಡು ಬಂದಿದ್ದು ಆ ಚೀಲದಿಂದಲೇ. ಅಪ್ಪನ ಕಾಲದಲ್ಲೂ ಈ ಸಂತೆ ಇತ್ತು. ಅವರಿಗೆ ಹೋಗೋಕೆ ಪುರುಸೊತ್ತು ಇರಲಿಲ್ಲ, ಅಂಗಡಿ ಬಿಟ್ಟು ಏಳೋರೇ ಅಲ್ಲ. ಅದನ್ನು ನೆನೆದಾಗ ಈಗಲೂ ಗಂಟಲು ಕಟ್ಟುತ್ತೆ.

ರಿಪೋರ್ಟ್ ಬಂದ ವಾರ ಅವರೆಕಾಯಿ ಸುಗ್ಗಿ, ಸಂತೆ ತುಂಬಾ ಸೊಗಡು. ಸೊಪ್ಪಿನ ಅಜ್ಜಿ ನನ್ನನ್ನು ನೋಡಿದ್ದೇ, "ಏನವ್ವ, ಹೋದ ವಾರ ಬರ್ಲಿಲ್ಲ?" ಅಂದಳು. ಬೆಂಗಳೂರಿಗೆ ಹೋಗಿದ್ದೆ ಅಂದೆ. ನಾಲ್ಕು ಕಟ್ಟಿನ ಮೇಲೆ ಇನ್ನೊಂದು ಕಟ್ಟು ಇಟ್ಟು, "ಹಂಗಾದ್ರೆ ಇದು ಹೋದ ವಾರದ್ದು" ಅಂದಳು.

ಮನೆಗೆ ಬಂದು ಚೀಲ ತೂಗಿದೆ. ಆರು ಕೆ.ಜಿ. ಇತ್ತು.