ಚಿತ್ರದೊಳಗಿನ ಬಾಲ್ಯ

ಹಸುರು ಬಯಲು, ನೆಮ್ಮದಿಯಿಂದ ಮೇಯುವ ದನಗಳು, ಹೆಬ್ಬಾತುಗಳ ಹಿಂದೆ ಬರಿಗಾಲಲ್ಲಿ ಓಡುವ ಮಗು. ಹತ್ತೊಂಬತ್ತನೆಯ ಶತಮಾನದ ಡೆನ್ಮಾರ್ಕಿನ ರೇಖಾಚಿತ್ರಗಳಲ್ಲಿ ಹಳ್ಳಿಯ ಬಾಲ್ಯವೆಂದರೆ ಬಹುಮಟ್ಟಿಗೆ ಇದೇ. ಅಲ್ಲಿ ಹಸಿವಿಲ್ಲ, ದಣಿವಿಲ್ಲ. ಬಿಸಿಲು ಕೂಡ ಮಕ್ಕಳಿಗಾಗಿಯೇ ಹದವಾಗಿ ಬಿದ್ದಂತಿದೆ.

ನಿಜದ ಹಳ್ಳಿ ಹೀಗಿರಲಿಲ್ಲ. 1814ರ ಶಾಸನವು ಏಳು ವರ್ಷಗಳ ಶಿಕ್ಷಣವನ್ನು ಕಡ್ಡಾಯ ಮಾಡಿತ್ತಾದರೂ ಹಳ್ಳಿಯ ಮಕ್ಕಳು ಸಾಮಾನ್ಯವಾಗಿ ದಿನ ಬಿಟ್ಟು ದಿನ ಶಾಲೆಗೆ ಹೋಗುತ್ತಿದ್ದರು. ಉಳಿದ ಹೊತ್ತು ದುಡಿಮೆಗೆ ಮೀಸಲು. ಬಡವರ ಮಕ್ಕಳು ಚಿಕ್ಕಂದಿನಲ್ಲಿಯೇ ಪರರ ಮನೆಯ ದನ ಕಾಯಲು ಹೊರಡಬೇಕಾಗಿತ್ತು. ಚಿತ್ರದಲ್ಲಿ ಆಟವಾಗಿ ಕಾಣುವುದು ಅವರಿಗೆ ಹೊಟ್ಟೆಯ ಪಾಡು.

ಹಾಗಾದರೆ ಕಲಾವಿದರ ಕಣ್ಣಿಗೆ ಇದು ಬೀಳಲಿಲ್ಲವೇ? ಅಂದಿನ ಕಾಲವನ್ನು ನೆನೆಯಬೇಕು. 1807ರಲ್ಲಿ ಇಂಗ್ಲಿಷರ ಫಿರಂಗಿಗಳಿಗೆ ರಾಜಧಾನಿ ಕೋಪನ್‌ಹೇಗನ್ ಸುಟ್ಟಿತು. 1813ರಲ್ಲಿ ಬೊಕ್ಕಸ ದಿವಾಳಿಯಾಯಿತು. ಮರುವರ್ಷ ನಾರ್ವೆ ಕೈಬಿಟ್ಟಿತು. ಹೀಗೆ ಪೆಟ್ಟು ತಿಂದ ನಾಡಿಗೆ ಸಮಾಧಾನ ಬೇಕಾಗಿತ್ತು. ಕಲಾವಿದರು ತಮ್ಮ ನೆಲದತ್ತ, ತಮ್ಮ ಜನರತ್ತ ತಿರುಗಬೇಕೆಂದು ಕಲಾವಿಮರ್ಶಕ ಹೊಯೆನ್ 1844ರಲ್ಲಿ ಕರೆಯಿತ್ತನು. ನಗರದ ಮನೆಗಳಿಗೆ ಹಳ್ಳಿಯ ಚಿತ್ರವೇ ತವರಾಯಿತು.

ಆ ಕರೆಗೆ ಓಗೊಟ್ಟವರಲ್ಲಿ ಲುಂಡ್‌ಬೀ ಪ್ರಮುಖನು. ದನಕರುಗಳನ್ನೂ ಬಯಲುಗಳನ್ನೂ ಅಷ್ಟು ಅಕ್ಕರೆಯಿಂದ ಬರೆದವರು ವಿರಳ. 1845ರಲ್ಲಿ ಕವಿ ಕಾಲುಂಡ್ ಮಕ್ಕಳಿಗಾಗಿ ರಚಿಸಿದ ನೀತಿಕಥೆಗಳಿಗೆ ಚಿತ್ರ ಬರೆದವನೂ ಈತನೇ.

ಆದರೆ ಬೆಂಕಿಕಡ್ಡಿ ಮಾರುವ ಬಡ ಹುಡುಗಿಯೊಬ್ಬಳ ಚಿತ್ರವನ್ನು ಬರೆದದ್ದೂ ಇದೇ ಕೈ. ಅದೇ 1845ರಲ್ಲಿ ಪಂಚಾಂಗದ ಪ್ರಕಾಶಕನೊಬ್ಬ ಮೂರು ಚಿತ್ರಗಳನ್ನು ಕಳುಹಿಸಿ, ಒಂದಕ್ಕೆ ಕಥೆ ಬರೆದುಕೊಡುವಂತೆ ಹ್ಯಾನ್ಸ್ ಆಂಡರ್ಸನ್ನನನ್ನು ಕೇಳಿದನು. ಆಂಡರ್ಸನ್ ಆರಿಸಿಕೊಂಡದ್ದು ಆ ಹುಡುಗಿಯನ್ನು. ಆತನ ತಾಯಿಯನ್ನು ಬಾಲ್ಯದಲ್ಲಿ ಭಿಕ್ಷೆ ಬೇಡಲು ಅಟ್ಟುತ್ತಿದ್ದರು. ಬೇಡಲಾರದೆ ಆಕೆ ಸೇತುವೆಯ ಕೆಳಗೆ ಕುಳಿತು ಅಳುತ್ತಿದ್ದಳಂತೆ. ವರ್ಷದ ಕೊನೆಯ ರಾತ್ರಿ ಚಳಿಯಲ್ಲಿ ಪ್ರಾಣಬಿಡುವ ಆ ಹುಡುಗಿಯ ಕಥೆಯನ್ನು ಇಂದು ಲೋಕವೆಲ್ಲ ಬಲ್ಲದು.

ಲುಂಡ್‌ಬೀ ಹೆಚ್ಚು ಕಾಲ ಬಾಳಲಿಲ್ಲ. 1848ರ ಯುದ್ಧಕ್ಕೆ ತಾನಾಗಿ ಹೊರಟು, ಆಕಸ್ಮಿಕವಾಗಿ ಹಾರಿದ ಗುಂಡಿಗೆ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿಯೇ ಬಲಿಯಾದನು.

ಅಂದಿನ ಹಳ್ಳಿಚಿತ್ರಗಳನ್ನು ಸುಳ್ಳೆಂದು ತಳ್ಳಬೇಕಾಗಿಲ್ಲ. ತಮ್ಮ ಮಕ್ಕಳು ಹೀಗಿರಬೇಕೆಂಬ ಹಿರಿಯರ ಹಂಬಲ ಅಲ್ಲಿ ಪ್ರಾಮಾಣಿಕವಾಗಿಯೇ ಮೂಡಿದೆ. ಆದರೆ ಆ ಬಯಲಿನ ಬಿಸಿಲನ್ನು ಕಂಡು ಮನಸ್ಸು ಹಗುರವಾದಾಗ, ಬೀದಿಯ ಚಳಿಯಲ್ಲಿ ನಿಂತ ಹುಡುಗಿಯನ್ನೂ ಒಮ್ಮೆ ನೆನೆಯುವುದು ಒಳ್ಳೆಯದು. ಇಬ್ಬರೂ ಒಂದೇ ನಾಡಿನ ಮಕ್ಕಳು.