ಪಕ್ಕೆ ನೋವು ಮಾಯವಾಯಿತೇ? ಸ್ವಲ್ಪ ತಾಳಿ!

‘ಪಕ್ಕೆಯಲ್ಲಿ ವಾಯು ಹಿಡಿದಿದೆ ಡಾಕ್ಟ್ರೇ’ ಎನ್ನುತ್ತ ಬರುವವರು ಬಹಳ. ಉಸಿರೆಳೆದರೆ, ಕೆಮ್ಮಿದರೆ, ಸೀನಿದರೆ ಚೂರಿ ತಿವಿದಂಥ ನೋವು. ಅಷ್ಟರೊಳಗೆ ಶಾಖ ಕೊಟ್ಟು, ಮುಲಾಮು ತಿಕ್ಕಿ ಆಗಿರುತ್ತದೆ. ಸ್ನಾಯು ಉಳುಕಿದ್ದರೆ ಅಷ್ಟೇ ಸಾಕು. ಜೊತೆಗೆ ಜ್ವರ, ಕೆಮ್ಮು, ಏದುಸಿರು ಇದ್ದರೆ ಮಾತ್ರ ಶ್ವಾಸಕೋಶದತ್ತ ನೋಡಲೇಬೇಕು.

ತಮಾಷೆಯೆಂದರೆ ಶ್ವಾಸಕೋಶಕ್ಕೆ ಇಂಥ ನೋವೇ ತಿಳಿಯದು. ಅದಕ್ಕಂಟಿದ ಒಳಪೊರೆಗೂ ತಿಳಿಯದು. ನೋವಿನ ನರಗಳಿರುವುದು ಪಕ್ಕೆಲುಬಿನ ಒಳಮೈಗೆ ಅಂಟಿದ ಹೊರಪೊರೆಯಲ್ಲಿ. ಎರಡರ ನಡುವೆ ತುಸುವೇ ದ್ರವವಿದ್ದು, ಉಸಿರಾಡುವಾಗ ಅವು ನಯವಾಗಿ ಜಾರುತ್ತವೆ. ನ್ಯುಮೋನಿಯಾ, ಕ್ಷಯದಂಥ ರೋಗ ಪೊರೆಯನ್ನು ಮುಟ್ಟಿದಾಗ ಉರಿಯೂತವಾಗಿ ಒಂದಕ್ಕೊಂದು ಉಜ್ಜುತ್ತವೆ. ಪ್ಲೂರಿಸಿ ಎಂದರೆ ಇದೇ. ಸ್ಟೆತಾಸ್ಕೋಪ್ ಇಟ್ಟರೆ ಹೊಸ ಚಪ್ಪಲಿಯಂತೆ ಕಿರ್ರೆನ್ನುವ ಸದ್ದೂ ಕೇಳಬಹುದು.

ಮೋಸವಾಗುವುದು ಮುಂದೆ. ಕೆಲವರಲ್ಲಿ ಪೊರೆಗಳ ನಡುವೆ ನೀರು ತುಂಬುತ್ತದೆ. ಪೊರೆಗಳು ದೂರ ಸರಿಯುತ್ತವೆ, ಉಜ್ಜಾಟ ನಿಲ್ಲುತ್ತದೆ, ನೋವೂ ಇಳಿಯುತ್ತದೆ! ಗುಣವಾಯಿತೆಂದು ರೋಗಿ ಕೆಲಸಕ್ಕೆ ಹೊರಟೇಬಿಡುತ್ತಾನೆ. ಕೆಲವು ದಿನ ಕಳೆದ ಮೇಲೆ ಮೆಟ್ಟಿಲು ಹತ್ತುವಾಗ ದಮ್ಮು ಕಟ್ಟುತ್ತದೆ. ಬೆನ್ನ ಮೇಲೆ ಬೆರಳಿಟ್ಟು ತಟ್ಟಿದರೆ ತುಂಬಿದ ಕೊಡದಂತೆ ಮಂಕು ಸದ್ದು. ಹೀಗೆ ತಟ್ಟಿ ನೋಡುವ ವಿದ್ಯೆಯನ್ನು 1761ರಲ್ಲಿ ಪ್ರಕಟಿಸಿದವನು ಆಸ್ಟ್ರಿಯದ ವೈದ್ಯ ಆವೆನ್‌ಬ್ರುಗ್ಗರ್. ಅವನ ಅಪ್ಪನದು ಛತ್ರದಂಥ ವಸತಿಗೃಹ. ಅಲ್ಲಿ ಮದ್ಯದ ಪೀಪಾಯಿ ತಟ್ಟುವುದನ್ನು ಕಂಡೇ ಕಲಿತನೆಂಬ ಕಥೆಯಿದೆ.

ನಮ್ಮ ದೇಶದಲ್ಲಿ ಯುವಕರೊಬ್ಬರ ಒಂದು ಪಕ್ಕದಲ್ಲಿ ಹೀಗೆ ನೀರು ತುಂಬಿದರೆ ಮೊದಲ ಶಂಕೆ ಕ್ಷಯದ್ದು. ಕಫದಲ್ಲಿ ರೋಗಾಣು ಸಿಗದೆಯೂ ಇರಬಹುದು. ಎಕ್ಸ್‌ರೇ ತೆಗೆಸಿ, ಸೂಜಿಯಿಂದ ನೀರು ತೆಗೆದು ಪರೀಕ್ಷಿಸಬೇಕು. ಔಷಧಿಯಿಲ್ಲದೆಯೂ ಈ ನೀರು ಇಂಗುವುದುಂಟು. ಅದು ಎರಡನೆಯ ಮೋಸ. ಅಂಥವರಲ್ಲಿ ಅನೇಕರಿಗೆ ಕೆಲವೇ ವರ್ಷಗಳಲ್ಲಿ ಕ್ಷಯ ಶ್ವಾಸಕೋಶದಲ್ಲೇ ತಲೆಯೆತ್ತುತ್ತದೆ. ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ ಸಾಕು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ. ನ್ಯುಮೋನಿಯಾದಲ್ಲಿ ಈ ನೀರು ಕೀವಾದರೆ ನಳಿಕೆ ಹಾಕಿ ಹೊರತೆಗೆಯಬೇಕಾಗುತ್ತದೆ.

ಇನ್ನೆರಡು ಕಾರಣಗಳಿಗೆ ಒಂದು ದಿನವೂ ಕಾಯುವಂತಿಲ್ಲ. ಎತ್ತರದ, ತೆಳ್ಳನೆಯ ತರುಣರಲ್ಲಿ, ಅದರಲ್ಲೂ ಸಿಗರೇಟು ಸೇದುವವರಲ್ಲಿ, ಶ್ವಾಸಕೋಶ ಹಠಾತ್ತನೆ ತೂತಾಗಿ ಪೊರೆಗಳ ನಡುವೆ ಗಾಳಿ ನುಗ್ಗಬಹುದು. ಮತ್ತೊಂದು, ಶಸ್ತ್ರಚಿಕಿತ್ಸೆ, ಹೆರಿಗೆ ಅಥವಾ ದೀರ್ಘಕಾಲ ಮಲಗಿದ ಬಳಿಕ ಕಾಲಿನ ರಕ್ತನಾಳದ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಬಂದು ಸಿಕ್ಕಿಕೊಳ್ಳುವುದು. ಬಾಣಂತಿಗೆ ಒಂದು ಕಾಲು ಊದಿ, ಪಕ್ಕೆ ಚುಚ್ಚಿ, ಏದುಸಿರು ಬಂದರೆ ‘ಶೀತವಾಗಿದೆ’ ಎಂದು ಕಷಾಯ ಕಾಯಿಸುತ್ತ ಕೂರಬೇಡಿ. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ.